ನಲವತ್ತು ಸೆಕೆಂಡಿನ ಅಡಚಣೆ

ಕಾಕಾ ತೀರಿಕೊಂಡ ಸುದ್ದಿ ಮೊಬೈಲಿಗೆ ಬಂದಾಗ ನಾನು ಚಪಾತಿಗೆ ಹಿಟ್ಟು ನಾದುತ್ತಿದ್ದೆ. ನಮ್ಮ ಹಳೆಯ ಚಾನೆಲ್ಲಿನವರದೊಂದು ವಾಟ್ಸಾಪ್ ಗುಂಪು ಇದೆ. ಯಾರದಾದರೂ ಮದುವೆಯೋ ಮನೆ ಪ್ರವೇಶವೋ ಇದ್ದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ. ಅವತ್ತು ಯಾರೋ ಕಾಕಾನ ಫೋಟೋ ಹಾಕಿ, ಕೆಳಗೆ ‘ಚಿಕ್ಕೇರೂರು, ಮಧ್ಯಾಹ್ನ ಒಂದು ಗಂಟೆಗೆ ಮಣ್ಣು’ ಎಂದು ಬರೆದಿದ್ದರು. ಓದಿದೆ. ಮೊಬೈಲು ಬದಿಗಿಟ್ಟು ಮತ್ತೆ ಹಿಟ್ಟು ನಾದಿದೆ. ಚಪಾತಿ ಮಾಡಿ, ಮಗಳ ಡಬ್ಬಿ ಕಟ್ಟಿ, ಕಚೇರಿಗೆ ಫೋನು ಮಾಡಿ ರಜೆ ಹೇಳಿ, ಹಾವೇರಿ ಬಸ್‌ಸ್ಟ್ಯಾಂಡಿಗೆ ಬಂದು ಕುಳಿತೆ. ಅಳು ಬರುತ್ತದೆಂದು ಕಾಯ್ದೆ. ಬರಲಿಲ್ಲ.

ಕಾಕಾ ನನಗೆ ಸಂಬಂಧಿಕರಲ್ಲ. ಹಾನಗಲ್ಲಿನಲ್ಲಿ ನಾನು ಸುದ್ದಿ ಓದುತ್ತಿದ್ದ ಕೇಬಲ್ ಚಾನೆಲ್ಲಿನಲ್ಲಿ ಕ್ಯಾಮೆರಾ, ಲೈಟು, ಮಿಕ್ಸರು, ಎಡಿಟಿಂಗು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು. ಬೀಜದ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಬಚ್ಚಲು, ಇಷ್ಟೇ ನಮ್ಮ ಚಾನೆಲ್ಲು. ಆದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕಿನಲ್ಲಿ ಜನ ನೋಡುತ್ತಿದ್ದರು. ಪೇಟೆ ಧಾರಣೆ, ಹುಟ್ಟುಹಬ್ಬದ ಶುಭಾಶಯ, ಸಂಜೆ ಏಳಕ್ಕೆ ಸುದ್ದಿ, ಸುದ್ದಿಯ ಕೊನೆಗೆ ನಿಧನ ವಾರ್ತೆ.

ಕಾಕಾ ಮೊದಲು ಊರಲ್ಲಿ ಅಣ್ಣತಮ್ಮಂದಿರ ಜೊತೆ ಮೈಕ್‌ಸೆಟ್ಟು ಇಟ್ಟುಕೊಂಡಿದ್ದರಂತೆ. ವರ್ಷಗಟ್ಟಲೆ ಹಾರ್ನಿನ ಬಗಲಿಗೆ ನಿಂತು ನಿಂತು ಎಡಗಿವಿ ಮಂದವಾಗಿತ್ತು. ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಕುತ್ತಿಗೆ ಹೊರಳಿಸದೆ ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದರು. ಹಾಗೆ ತಿರುಗಿ ನಿಂತಾಗ, ಎದುರಿನವರು ಹೇಳುವುದು ಎಂಥ ಸಣ್ಣ ಮಾತಾದರೂ ದೊಡ್ಡದೆನಿಸುತ್ತಿತ್ತು.

ನಾನು ಸೇರಿದ ಮೊದಲ ವಾರ ಕ್ಯಾಮೆರಾ ಎದುರು ಹಾಳೆಯಿಂದ ತಲೆ ಎತ್ತದೆ ಗಡಬಡಿಸಿ ಓದುತ್ತಿದ್ದೆ. ಕಾಕಾ ಎದ್ದು ಬಂದು ಮೈಕಿನ ವೈರು ಸರಿಮಾಡುವ ನೆವದಲ್ಲಿ ಹೇಳಿದರು, “ತಂಗಿ, ಕ್ಯಾಮೆರಾಕ್ಕ ಹೇಳಬ್ಯಾಡ. ಶಿಗ್ಗಾಂವದಾಗ ಒಬ್ಬಾಕಿ ರೊಟ್ಟಿ ಬಡಕೋಂತ ಕುಂತಾಳ, ಟೀವಿ ಕಡೆ ಬೆನ್ನ ಮಾಡಿ. ಆಕಿಗೆ ಹೇಳು. ಆಕಿ ಹೊಳ್ಳಿ ನೋಡಿದ್ಲಂದ್ರ ನೀ ಸುದ್ದಿ ಓದಿದಂಗ.”

ಅವರಿಗೆ ಒಂದೇ ಒಂದು ವಿಷಯದಲ್ಲಿ ಹಟ. ನಿಧನ ವಾರ್ತೆ. ಚೀಟಿ ಬಂದರೆ ಸಾಕು ಎಂದು ಓದಿಸುತ್ತಿರಲಿಲ್ಲ. ತಾವೇ ಆ ಮನೆಗೆ, ಇಲ್ಲವೆ ಪಕ್ಕದ ಮನೆಗೆ ಫೋನು ಹಚ್ಚಿ, ಮನೆಯವರಿಗೆಲ್ಲ ಗೊತ್ತಾಗಿದೆಯೇ ಎಂದು ಕೇಳುತ್ತಿದ್ದರು. ಒಮ್ಮೆ ಸವಣೂರಿನ ಒಬ್ಬ ಶಾಲಾ ಮಾಸ್ತರರು ರಸ್ತೆ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಆರೂವರೆಗೆ ಬಂತು. ದೊಡ್ಡ ಸುದ್ದಿ. ಮಾಲಕರು ಇದೇ ಮೊದಲು ಹೋಗಲಿ ಎಂದರು. ಕಾಕಾ ಫೋನು ಮಾಡಿದರೆ, ಮಾಸ್ತರರ ಹೆಂಡತಿಗೆ ಇನ್ನೂ ಹೇಳಿಲ್ಲ, ಆಕೆಯ ಅಣ್ಣ ದಾರಿಯಲ್ಲಿದ್ದಾನೆ ಎಂದು ಗೊತ್ತಾಯಿತು. ಆ ಸಂಜೆ ನಾನು ಪೇಟೆ ಧಾರಣೆಯನ್ನು ಎರಡು ಸಲ ಓದಿದೆ. ಮಾಲಕರು ಬಂದು ಕೂಗಾಡಿದರು. ಕಾಕಾ ಅವರ ಕಡೆ ಇಡೀ ಮೈ ತಿರುಗಿಸಿ ನಿಂತು, “ಆಕಿ ಟೀವಿ ಮುಂದ ಕುಂತಿರ್ತಾಳ್ರಿ. ಅಂಥಾ ಮಾತ ತಮ್ಮವ್ರ ಬಾಯಿಲೆ ಕೇಳಬೇಕ್ರಿ, ನಮ್ಮ ಬಾಯಿಲೆ ಅಲ್ಲ” ಎಂದರು. ದನಿ ಏರಿಸಲಿಲ್ಲ. ಎಂಟು ಗಂಟೆಗೆ ಅಣ್ಣ ಮನೆ ಮುಟ್ಟಿದ ಮೇಲೆಯೇ ಆ ಸುದ್ದಿ ಹೋಯಿತು.

ಇದಾದ ಮರುವರ್ಷ ಇರಬೇಕು, ನಮ್ಮ ಚಾನೆಲ್ಲಿಗೆ ಆ ಹಾಸ್ಯನಟ ಬಂದದ್ದು. ರಾಜ್ಯಕ್ಕೆಲ್ಲ ಗೊತ್ತಿದ್ದ ಮುಖ. ಹುಟ್ಟಿದ್ದು ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿ. ಹದಿನಾರಕ್ಕೆ ಮನೆಯಲ್ಲಿ ಜಗಳಾಡಿ ಹೋದವರು ತಿರುಗಿ ಬಂದಿರಲಿಲ್ಲ. ಯಾವ ಸಂದರ್ಶನದಲ್ಲಿ ಕೇಳಿದರೂ ‘ನನಗೆ ಯಾರೂ ಇಲ್ಲ, ಪ್ರೇಕ್ಷಕರೇ ನನ್ನ ಬಳಗ’ ಎನ್ನುತ್ತಿದ್ದರು. ಅವತ್ತು ಸಂಜೆ ಹಿರೇಕೆರೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಉದ್ಘಾಟನೆಗೆ ಹೊರಟಿದ್ದರು. ನಮ್ಮ ಮಾಲಕರು ಯಾರ್ಯಾರದೋ ಕೈಕಾಲು ಹಿಡಿದು, ದಾರಿಯಲ್ಲಿ ಒಂದು ತಾಸು ಹಾನಗಲ್ಲಿನಲ್ಲಿ ನಿಲ್ಲುವಂತೆ ಮಾಡಿದ್ದರು. ಹನ್ನೊಂದು ಗಂಟೆಗೆ ನೇರ ಪ್ರಸಾರ. ಜನ ಫೋನು ಮಾಡಿ ಮಾತಾಡಬಹುದು. ನಟರ ಮ್ಯಾನೇಜರು ಹಿಂದಿನ ದಿನವೇ ಒಂದು ಷರತ್ತು ಹಾಕಿದ್ದರು: ಮನೆಯ ವಿಷಯ ಎತ್ತಬಾರದು.

ಅವತ್ತು ಬೆಳಗ್ಗೆಯಿಂದ ಒಂದೂ ಸರಿಹೋಗಲಿಲ್ಲ. ಮಾಲಕರು ಸಂಭ್ರಮಕ್ಕೆ ಮೆಟ್ಟಿಲಿಗೆ ಹಿಂದಿನ ಸಂಜೆ ಹಸಿರು ಬಣ್ಣ ಹೊಡೆಸಿದ್ದರು. ಅದು ಒಣಗಿರಲಿಲ್ಲ. ನಟರ ಬಿಳಿ ಬೂಟು ಮೇಲೆ ಬರುವಷ್ಟರಲ್ಲಿ ಎರಡು ಬಣ್ಣವಾಗಿತ್ತು. ಅಂಗಡಿಯಿಂದ ಎರವಲು ತಂದ ಸೋಫಾದ ಪ್ಲಾಸ್ಟಿಕ್ ತೆಗೆಯಬಾರದೆಂದು ಅಂಗಡಿಯವರು ಹೇಳಿದ್ದರು. ನಟರು ಅಲುಗಿದಾಗಲೆಲ್ಲ ಅದು ಚರಚರ ಎನ್ನುತ್ತಿತ್ತು. ಮ್ಯಾನೇಜರು ಬಚ್ಚಲಿಗೆ ಹೋದವರು ಒಳಗಿನ ಚಿಲಕ ಸಿಕ್ಕಿಕೊಂಡು ಕೂಗಿದರು. ಕಾಕಾ ಸ್ಕ್ರೂಡ್ರೈವರು ತೆಗೆದುಕೊಂಡು ಹೋಗಿ ಕೊಂಡಿಯನ್ನೇ ಬಿಚ್ಚಿ ಅವರನ್ನು ಹೊರಗೆ ತಂದರು.

ಎಲ್ಲಕ್ಕಿಂತ ದೊಡ್ಡ ಫಜೀತಿ ಅಂಗಿಯದು. ನಮ್ಮ ಸ್ಟುಡಿಯೋದಲ್ಲಿ ಕೂತವರ ಹಿಂದೆ ಒಂದು ಹಸಿರು ಪರದೆ. ಹಸಿರು ಇದ್ದಲ್ಲೆಲ್ಲ ಕಂಪ್ಯೂಟರು ಗುಡಿಯ ಚಿತ್ರ ತುಂಬುತ್ತಿತ್ತು. ನಟರು ಗಿಳಿಹಸಿರು ರೇಷ್ಮೆ ಅಂಗಿ ಹಾಕಿಕೊಂಡು ಬಂದಿದ್ದರು. ಪರೀಕ್ಷೆಗೆಂದು ಕ್ಯಾಮೆರಾ ಹಚ್ಚಿದರೆ ಟೀವಿಯಲ್ಲಿ ಅವರ ಮೈ ಇಲ್ಲ. ಗುಡಿಯ ಕಂಬಗಳ ನಡುವೆ ಬರೀ ತಲೆ ಮತ್ತು ಎರಡು ಕೈ. ನಟರು ಅದನ್ನು ನೋಡಿ ಸಣ್ಣ ಮಕ್ಕಳಂತೆ ನಕ್ಕರು. ಮಾಲಕರ ಮುಖದಲ್ಲಿ ರಕ್ತವಿರಲಿಲ್ಲ. ಕಾಕಾ ಮಾಲಕರ ಮನೆಗೆ ಹೇಳಿಕಳಿಸಿ ಒಂದು ಕೆಂಪು ಚಾದರ ತರಿಸಿದರು. ಅದನ್ನು ಪರದೆಯ ಮೇಲೆ ಪಿನ್ನು ಹಾಕಿ ಬಿಗಿದರು. ಗುಡಿ ಹೋಯಿತು, ನಟರ ಮೈ ಬಂತು. ಹನ್ನೊಂದು ಹತ್ತಕ್ಕೆ ಪ್ರಸಾರ ಶುರುವಾಯಿತು.

ಕಾಕಾನ ಕೋಣೆಗೂ ಸ್ಟುಡಿಯೋಕ್ಕೂ ನಡುವೆ ಒಂದು ಗಾಜು. ಹೊರಗಿನ ಫೋನು ಮೊದಲು ಅವರಿಗೆ ಬರುತ್ತಿತ್ತು. ಹೆಸರು, ಊರು ಕೇಳಿ, ಮಿಕ್ಸರಿನ ಎರಡು ಗುಂಡಿ ಏರಿಸುತ್ತಿದ್ದರು. ಒಂದನ್ನು ಏರಿಸಿದರೆ ದನಿ ಸ್ಟುಡಿಯೋದಲ್ಲಿದ್ದ ನಮ್ಮಿಬ್ಬರ ಕಿವಿಯಲ್ಲಿ ಸಿಕ್ಕಿಸಿದ ಸಣ್ಣ ಯಂತ್ರಕ್ಕೆ, ಇನ್ನೊಂದನ್ನು ಏರಿಸಿದರೆ ಮನೆಮನೆಯ ಟೀವಿಗೆ.

ಅರ್ಧ ತಾಸು ಚೆನ್ನಾಗಿಯೇ ನಡೆಯಿತು. ಜಾಹೀರಾತಿನ ಬಿಡುವಿನಲ್ಲಿ ಗಾಜಿನಾಚೆ ನೋಡಿದರೆ ಕಾಕಾ ಫೋನನ್ನು ಬಲಗಿವಿಗೆ ಒತ್ತಿಕೊಂಡು ತಲೆ ತಗ್ಗಿಸಿ ಕೂತಿದ್ದರು. ಫೋನನ್ನು ಹಾಗೇ ಮೇಜಿನ ಮೇಲಿಟ್ಟು ಎದ್ದು ಮ್ಯಾನೇಜರ ಹತ್ತಿರ ಹೋದರು. ಏನೋ ಹೇಳಿದರು. ಮ್ಯಾನೇಜರು ಇಲ್ಲವೆಂದು ಕೈ ಆಡಿಸಿದರು. ಕಾಕಾ ಇನ್ನೊಮ್ಮೆ ಹೇಳಿದರು. ಮ್ಯಾನೇಜರು ಗಡಿಯಾರ ತೋರಿಸಿ ಬೆನ್ನು ತಿರುಗಿಸಿದರು. ಅಲ್ಲಿ ಆಡಿದ ಮಾತು ಏನೆಂದು ನನಗೆ ಗೊತ್ತಾದದ್ದು ಬಹಳ ತಿಂಗಳ ಮೇಲೆ. ಫೋನಿನಲ್ಲಿದ್ದವಳು ನಟರ ಅಕ್ಕ. ಅವರ ತಾಯಿ ತೀರಿಕೊಂಡು ಹನ್ನೊಂದು ದಿನವಾಗಿತ್ತು. ತಮ್ಮನ ನಂಬರಿಗೆ ಮಾಡಿದರೆ ಬೇರೆಯವರು ಎತ್ತಿ, ಆಮೇಲೆ ಮಾಡಿ ಎನ್ನುತ್ತಿದ್ದರು. ಟೀವಿಯ ಕೆಳಗೆ ಓಡುತ್ತಿದ್ದ ನಂಬರು ನೋಡಿ ಇಲ್ಲಿಗೆ ಮಾಡಿದ್ದಳು. ಮ್ಯಾನೇಜರು, ಸಂಜೆ ಕಾರ್ಯಕ್ರಮವಿದೆ, ಮನಸ್ಸು ಕೆಡಿಸಬೇಡಿ, ಬೆಂಗಳೂರಿಗೆ ಹೋದಮೇಲೆ ನಾನೇ ಹೇಳುತ್ತೇನೆ ಎಂದಿದ್ದರು. ಆದರೆ ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಹಿರೇಬೆಂಡಿಗೇರಿಯಿಂದ ಟ್ರ್ಯಾಕ್ಟರು ಮಾಡಿಕೊಂಡು ಬಂದ ಜನ ನಿಂತಿದ್ದರು. ನಟರು ಮೆಟ್ಟಿಲಿಳಿದರೆ ಅವರಲ್ಲಿ ಒಬ್ಬರಾದರೂ ಬಾಯಿಬಿಟ್ಟೇ ಬಿಡುತ್ತಿದ್ದರು.

ಬಿಡುವು ಮುಗಿಯಿತು. ನನ್ನ ಕಿವಿಯಲ್ಲಿ ಕಾಕಾನ ದನಿ ಬಂತು. “ತಂಗಿ, ಈಗ ಬರೂ ಕಾಲ್ ಟೀವಿಗೆ ಹೋಗಂಗಿಲ್ಲ. ನಿಮ್ಮ ಮಾತೂ ಹೋಗಂಗಿಲ್ಲ. ನೀ ಸುಮ್ನಿರು.” ಎದುರಿನ ಸಣ್ಣ ಟೀವಿಯಲ್ಲಿ ನಮ್ಮ ಮುಖ ಮಾಯವಾಗಿ ‘ತಾಂತ್ರಿಕ ಅಡಚಣೆಗಾಗಿ ಕ್ಷಮಿಸಿ’ ಎಂಬ ಹಲಗೆ ಬಂತು. ಆಮೇಲೆ ಒಬ್ಬ ಹೆಂಗಸಿನ ದನಿ.

“ತಮ್ಮಾ, ನಾ ನಿಮ್ಮಕ್ಕ ಮಾತಾಡಾಕತ್ತೇನಿ. ಹೆದರಬ್ಯಾಡ, ಇದು ಟೀವ್ಯಾಗ ಬರಂಗಿಲ್ಲಂತ, ಇವ್ರು ಹೇಳ್ಯಾರ. ಅವ್ವ ಹೋದ್ಲಪಾ. ಹನ್ನೊಂದ ದಿವ್ಸ ಆತು. ನಿಂಗ ಹಚ್ಚಿದ್ದೆ, ಬ್ಯಾರೇದವ್ರು ಎತ್ತಿದ್ರು. ಅಲ್ಲಿ ಕೆಳಗ ನಮ್ಮೂರವ್ರು ನಿಂತಾರಂತ. ಅವ್ರು ಹೇಳೂಕಿಂತ ಮೊದ್ಲ ನಾ ಹೇಳಬೇಕಂತ ಮಾಡೇನಿ. ಮತ್ತೇನಿಲ್ಲ.”

ನಟರು ನನ್ನಿಂದ ಎರಡು ಮೊಳ ದೂರದಲ್ಲಿ ಕೂತಿದ್ದರು, ಬೆರಳು ಕಿವಿಯ ಯಂತ್ರದ ಮೇಲೆ. ಬಿಡುವು ಮುಗಿದಾಗ ತಂದುಕೊಂಡಿದ್ದ ನಗು ಮುಖದ ಮೇಲೆ ಹಾಗೇ ಇತ್ತು. ಅದನ್ನು ತೆಗೆಯುವುದು ಅವರಿಗೆ ಮರೆತುಹೋದಂತಿತ್ತು.

“ಯಾವತ್ತ?” ಎಂದರು. ಅಲ್ಲಿಯವರೆಗೆ ಬೆಂಗಳೂರಿನ ಮಾತಾಡುತ್ತಿದ್ದವರು.

“ಸೋಮಾರ. ಮುಂಜಾನೆ ಚಾ ಕುಡದು ಹೊಳ್ಳಿ ಮಲಗಿದ್ಲು. ಏಳಲಿಲ್ಲ.”

“ಹ್ಞೂಂ.”

ಅಕ್ಕ ಫೋನು ಇಟ್ಟಳು. ಕಾಕಾ ಎಲ್ಲ ಮೊದಲಿನಂತೆ ಮಾಡಿ ಗಾಜಿನಾಚೆಯಿಂದ ನನಗೆ ಕೈ ತೋರಿಸಿದರು. ನನ್ನ ಕೈಯಲ್ಲಿದ್ದ ಕಾರ್ಡಿನ ಮೇಲೆ ‘ಮುಂದಿನ ಚಿತ್ರ ಯಾವುದು’ ಎಂದಿತ್ತು. ಕೇಳಿದೆ. ನಟರು ಹೇಳಿದರು. ಅದಾದ ಮೇಲೆ ಸವಣೂರಿನ ಒಬ್ಬ ಹುಡುಗಿ ಫೋನು ಮಾಡಿ, ಸಿನಿಮಾದಲ್ಲಿ ಮಾಡಿದ ಬಸ್ ಕಂಡಕ್ಟರನ ದನಿಯಲ್ಲಿ ಮಾತಾಡಿ ಎಂದಳು. ನಟರು ಸೀಟಿ ಊದಿದಂತೆ ಮಾಡಿ, ಚಿಲ್ಲರೆಗಾಗಿ ಜಗಳಾಡುವ ಕಂಡಕ್ಟರನ ದನಿ ತೆಗೆದರು. ಹುಡುಗಿ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಮಾಲಕರು ನಕ್ಕರು. ನಾನೂ ನಕ್ಕೆ, ನಗುವುದು ನನ್ನ ಕೆಲಸವಾಗಿತ್ತು. ಹನ್ನೆರಡು ಹತ್ತಕ್ಕೆ ನಟರು ಕೆಳಗಿಳಿದರು. ನಾನು ಕಿಟಕಿಯಿಂದ ನೋಡಿದೆ. ಗುಂಪಿನಲ್ಲಿ ಒಬ್ಬ ಮುದುಕರು ಅವರ ಕೈ ಹಿಡಿದು ಏನೋ ಹೇಳಿದರು. ನಟರು ಗೊತ್ತಾಗಿದೆ ಎಂಬಂತೆ ತಲೆಯಾಡಿಸಿದರು. ಕಾರು ಶಿಗ್ಗಾವಿಯ ಕಡೆ ಹೋಗಲಿಲ್ಲ. ಹಿರೇಕೆರೂರಿನ ಕಡೆ ಹೋಯಿತು.

ಮೂರು ಗಂಟೆಗೆ ಮಾಲಕರು ನಮ್ಮಿಬ್ಬರನ್ನೂ ಕರೆದರು. ನಾಲ್ಕು ತಾಲೂಕಿನ ಜನ ನೋಡುವಾಗ ನಲವತ್ತು ಸೆಕೆಂಡು ಬರೀ ಹಲಗೆ. ಊರಿನ ದೊಡ್ಡವರೆಲ್ಲ ಫೋನು ಮಾಡಿ ನಕ್ಕಿದ್ದರು.

“ಏನಾತ್ರಿ ಅದು?”

“ಕೈ ತಪ್ಪಿತ್ರಿ” ಎಂದರು ಕಾಕಾ.

“ಇಪ್ಪತ್ತ ವರ್ಷದಾಗ ತಪ್ಪಲಾರದ್ದು ಇವತ್ತ ತಪ್ಪಿತನು?” ಮಾಲಕರು ನನ್ನ ಕಡೆ ತಿರುಗಿದರು. “ನಿನ್ನ ಕಿವ್ಯಾಗ ಏನರ ಕೇಳಿಸ್ತನು?”

“ಇಲ್ರಿ ಸರ್. ಏನೂ ಕೇಳಿಸ್ಲಿಲ್ಲ” ಎಂದೆ.

ಕಾಕಾ ನನ್ನ ಎಡಕ್ಕೋ ಬಲಕ್ಕೋ ಎಲ್ಲಿ ನಿಂತಿದ್ದರೋ ನೆನಪಿಲ್ಲ. ಅವರು ಮೈ ತಿರುಗಿಸಲಿಲ್ಲ ಎನ್ನುವುದು ನೆನಪಿದೆ. ಮಾಲಕರು, ಕಿವಿ ಕೇಳದವರನ್ನು ಮಿಕ್ಸರಿನ ಮೇಲೆ ಕೂಡಿಸಿದ್ದು ತಮ್ಮದೇ ತಪ್ಪು, ನಾಳೆಯಿಂದ ಬರಬೇಡಿ ಎಂದರು. ಕಾಕಾ ಆಯ್ತು ಎಂದರು. ಸ್ಟುಡಿಯೋಕ್ಕೆ ಹೋಗಿ ಕೆಂಪು ಚಾದರದ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ, ಚಾದರ ಮಡಚಿಟ್ಟು, ವೈರುಗಳನ್ನೆಲ್ಲ ಸುತ್ತಿ ಗೂಟಕ್ಕೆ ಹಾಕಿದರು. ಫೋನುಗಳ ಮಾತು ಕಂಪ್ಯೂಟರಿನಲ್ಲಿ ತಾನೇ ದಾಖಲಾಗುತ್ತಿತ್ತು. ಆ ಒಂದನ್ನು ಅಳಿಸಿದ್ದರು. ಅದು ನನಗೆ ಮರುದಿನ ಅವರ ಕುರ್ಚಿಯಲ್ಲಿ ಕೂತಾಗ ಗೊತ್ತಾಯಿತು. ಸ್ಟುಡಿಯೋದ ಜವಾಬ್ದಾರಿಯನ್ನು ಮಾಲಕರು ನನಗೇ ಕೊಟ್ಟಿದ್ದರು.

ವರ್ಷದ ಮೇಲೆ ಹಿರೇಕೆರೂರಿಗೆ ಹೋದಾಗ ಕಾಕಾ ಅಲ್ಲಿ ಹಾಕಿಕೊಂಡಿದ್ದ ಅಂಗಡಿ ಹುಡುಕಿಕೊಂಡು ಹೋದೆ. ಮೈಕು, ಮಿಕ್ಸರು ರಿಪೇರಿಯ ಗೂಡಂಗಡಿ. ನನ್ನನ್ನು ನೋಡಿ ಎದ್ದು ಸ್ಟೂಲು ಒರೆಸಿದರು. “ಕುಂಡ್ರು ತಂಗಿ, ಅವ್ವ ಅಪ್ಪ ಆರಾಮದಾರ?” ಎಂದರು. ಮ್ಯಾನೇಜರ ಜೊತೆ ಆಡಿದ ಮಾತು ಅವತ್ತು ಹೇಳಿದರು. ಮರುದಿನವೇ ಹಿರೇಬೆಂಡಿಗೇರಿಗೆ ಹೋಗಿ, ‘ನಿಮ್ಮ ಮಾತ ಟೀವ್ಯಾಗ ಹೋಗಿಲ್ಲ’ ಎಂದು ಅಕ್ಕನಿಗೆ ಹೇಳಿ ಬಂದಿದ್ದರಂತೆ.

ನಾನು ಬಹಳ ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತು ಹೇಳಿದೆ. “ಕಾಕಾ, ಅವತ್ತ ನಾ ಖರೇ ಹೇಳಬೇಕಿತ್ತು.”

“ಹೇಳಿದ್ರ ಏನಾಗ್ತಿತ್ತು? ಏಳರ ಸುದ್ದಿಗೆ ಅದನ್ನ ಹಾಕ್ತಿದ್ರು. ನೀನ ಓದಬೇಕಾಗ್ತಿತ್ತು.”

ನನಗೆ ಉಸಿರು ಹಗುರವಾಯಿತು. ಅವರು ಕೈಯಲ್ಲಿದ್ದ, ವೈರಿಗೆ ಬೆಸುಗೆ ಹಾಕುವ ಕಾವಿನ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನನ್ನ ಕಡೆ ಪೂರಾ ತಿರುಗಿ ಕೂತರು.

“ಆದ್ರ ನೀ ಅದಕ್ಕಂತ ಸುಮ್ನಿರಲಿಲ್ಲ. ಅಂಜಿ ಸುಮ್ನಿದ್ದಿ. ಅದು ನನಗ ಗೊತ್ತೈತಿ, ನಿನಗೂ ಗೊತ್ತೈತಿ. ಇರ್ಲಿ. ಚಾ ಕುಡೀತಿ?”

ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಚಹಾ ತರಿಸಿದರು, ಕುಡಿದೆ. ಬಸ್ಸಿನವರೆಗೆ ಬಂದು ಬಿಟ್ಟುಹೋದರು. ಆಮೇಲೆ ನಾನು ಮದುವೆಯಾಗಿ ಹಾವೇರಿಗೆ ಬಂದೆ. ಜನ ಎಲ್ಲವನ್ನೂ ಮೊಬೈಲಿನಲ್ಲೇ ನೋಡತೊಡಗಿ ಚಾನೆಲ್ಲು ಮುಚ್ಚಿತು. ಹಬ್ಬಕ್ಕೊಮ್ಮೆ ಅವರಿಗೆ ಫೋನು ಮಾಡುತ್ತಿದ್ದೆ. ಆ ವಿಷಯ ಇಬ್ಬರೂ ಎತ್ತಲಿಲ್ಲ. ಅವರು ಹೇಳಿದ್ದು ನಿಜ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅದು ಎಲ್ಲಿಯೂ ನೋಯುತ್ತಿರಲಿಲ್ಲ. ತುಂಬಾ ಹೊತ್ತು ಮಡಚಿ ಕೂತು ಜೋಮು ಹಿಡಿದ ಕಾಲಿನ ಹಾಗೆ, ಇದೆ ಎಂದು ಕಾಣುತ್ತಿತ್ತು, ಅಷ್ಟೆ.

ನಾನು ಚಿಕ್ಕೇರೂರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಗಂಡಸರು ಹೊಲದಿಂದ ತಿರುಗಿ ಬಂದು ಕಟ್ಟೆಯ ಮೇಲೆ ಕೂತಿದ್ದರು. ಕಾಕಾನ ಹೆಂಡತಿ ನನ್ನ ಕೈ ಹಿಡಿದುಕೊಂಡು, “ನಿನ್ನ ದನಿ ಚಲೋ ಐತಿ ಅಂತಿದ್ರವಾ” ಎಂದರು. ಹೆಂಗಸರ ನಡುವೆ ಹೋಗಿ ಕೂತೆ. ಪಕ್ಕದಲ್ಲಿ ಐವತ್ತೈದರ ಆಸುಪಾಸಿನ ಒಬ್ಬಾಕೆ ಕೂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ಬಹಳ ಹೊತ್ತು ನನ್ನನ್ನೇ ನೋಡಿ ಕೇಳಿದಳು.

“ಟೀವ್ಯಾಗ ಸುದ್ದಿ ಓದ್ತಿದ್ದಾಕಿ ನೀನ ಅಲ್ಲೇನವಾ? ನಾ ಹಿರೇಬೆಂಡಿಗೇರಿಯಾಕಿ. ಅವತ್ತ ಫೋನ್ ಮಾಡಿದಾಕಿ.”

ಹೌದು ಎಂದೆ. ಆಮೇಲೆ ನಿಮ್ಮ ತಮ್ಮ ಊರಿಗೆ ಬಂದಿದ್ದರೇ ಎಂದು ಕೇಳಿದೆ.

“ಇಲ್ಲ. ಬರ್ತಾನಂತ ನಾನೂ ತಿಳದಿದ್ದಿಲ್ಲ. ಈ ಮನಿ ಅಣ್ಣಾರು ಮಾತ್ರ ಆಗಾಗ ಫೋನ್ ಹಚ್ಚಿ ಆರಾಮಿದ್ದೀ ಏನಂತ ಕೇಳ್ತಿದ್ರು.” ಮತ್ತೆ ಕೇಳಿದಳು. “ನಾ ಹೇಳೂಮುಂದ ಅಂವ ಹೆಂಗಿದ್ದ? ಅಣ್ಣಾರನ್ನ ಕೇಳಿದ್ರ, ಕಂಪ್ಯೂಟರ್ ಕಡೆ ಹೊಳ್ಳಿದ್ದೆ, ಮಾರಿ ನೋಡಲಿಲ್ಲಬೇ ಅಂದ್ರು. ನೀ ಬಾಜೂಕ ಕುಂತಿದ್ದೆಲ್ಲ. ಅತ್ನೇನು?”

ಅತ್ತರು ಎಂದು ಹೇಳಬಹುದಿತ್ತು. ಅವತ್ತು ಅವರ ಮುಖ ಕಂಡವರು ನನ್ನ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

“ಅಳಲಿಲ್ರಿ” ಎಂದೆ. “ನಗಿಮಾರಿ ಹಂಗ ಇತ್ತು. ನಿಮ್ಮ ದನಿ ಕಿವ್ಯಾಗ ಸಿಗಿಸಿದ ಒಂದ ಸಣ್ಣ ಯಂತ್ರದಾಗ ಬರಾಕತ್ತಿತ್ರಿ. ಬ್ಯಾಡಾಗಿದ್ರ ತಗದ ಇಡಬಹುದಿತ್ತು. ತಗೀಲಿಲ್ಲ. ಎರಡ ಬೆರಳಲೆ ಒತ್ತಿ ಹಿಡಕೊಂಡ್ರು. ನೀವು ಫೋನ್ ಇಟ್ಟ ಮ್ಯಾಲೂ ಹಿಡಕೊಂಡ ಇದ್ರು.”

“ಇಟ್ಟ ಮ್ಯಾಲೂ?”

“ಹೌದ್ರಿ. ನಾ ಮುಂದಿನ ಪ್ರಶ್ನಿ ಕೇಳೂತನಕ.”

ಅವಳು ಚೀಲದ ಹಿಡಿಕೆಯನ್ನು ಬಿಚ್ಚಿ ಮತ್ತೆ ಗಂಟು ಹಾಕಿದಳು. ಅಂಗಳದಲ್ಲಿ ಯಾರೋ ನೀರು ಹಾಕಿ ತೊಳೆಯುತ್ತಿದ್ದರು.

“ಸಣ್ಣಾವಿದ್ದಾಗ ಅವಗ ಕಿವಿನೋವು ಭಾಳ ಇತ್ತು” ಎಂದಳು. “ರಾತ್ರಿಯೆಲ್ಲ ಕಿವಿ ನನ್ನ ತೊಡಿಮ್ಯಾಲ ಒತ್ತಿ ಮಲಗತಿದ್ದ.”

ಸಂಜೆಯ ಬಸ್ಸಿಗೆ ಇಬ್ಬರೂ ಕೂಡಿಯೇ ಹೊರಟೆವು. ಹಾನಗಲ್ಲಿನವರೆಗೆ ದಾರಿ ಒಂದೇ. ಅವಳು ಕಿಟಕಿಯ ಬದಿಗೆ ಕೂತು ಹೊರಗೆ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತಿದ್ದೆ. ಬಸ್ಸು ಇಳಿಯುವಾಗ ಅವಳು ನನ್ನ ಭುಜ ಮುಟ್ಟಿ, “ಹೇಳಿದಿ, ಚಲೋ ಆತವಾ” ಎಂದು ಶಿಗ್ಗಾವಿಯ ಬಸ್ಸಿನ ಕಡೆ ನಡೆದಳು.